ಚೂಪು ಸಾಲಿನ ಹಿಡಿ

ಅಪ್ಪ ಆರ್ಗನ್ ನುಡಿಸಲು ಕೂತರೆ ಮಗಳು ಬಲಗಡೆ ನಿಲ್ಲಬೇಕು. ಗೋಡೆ ತುಂಬ ಕೊಳವೆಗಳಿರುವ ವಾದ್ಯ ಅದು. ಒಂದೊಂದು ಮರದ ಹಿಡಿ ಎಳೆದಾಗ ಒಂದೊಂದು ಸಾಲಿನ ಕೊಳವೆಗಳು ಬಾಯಿ ಬಿಡುತ್ತವೆ. ಅಪ್ಪನ ಕೈಕಾಲೆಲ್ಲ ನುಡಿಸುವುದರಲ್ಲೇ ಮುಳುಗಿರುವಾಗ ಹಿಡಿ ಎಳೆಯಲು ಇನ್ನೊಬ್ಬರು ಬೇಡವೇ? ಅವನು ಗದ್ದ ಅಲ್ಲಾಡಿಸುತ್ತಾನೆ, ಇವಳು ಎಳೆಯುತ್ತಾಳೆ.

"ಪುಸ್ತಕದಲ್ಲಿ 'ಏರಲಿ' ಅಂತಷ್ಟೇ ಬರೆದಿರತ್ತೆ ಕಣಮ್ಮ," ಎನ್ನುತ್ತಿದ್ದ ಅಪ್ಪ. "ಯಾವ ಸಾಲು ಯಾವಾಗ ಸೇರಬೇಕು ಅನ್ನೋದು ನುಡಿಸೋನ ಎದೆಗೆ ಬಿಟ್ಟಿದ್ದು." ಆ ಆಯ್ಕೆಯೇ ಅವನ ಹೆಮ್ಮೆ. ಬೇರೆ ಆಸ್ತಿ ಅವನಿಗೆ ಇರಲೂ ಇಲ್ಲ.

ಕಳೆದ ವರ್ಷದಿಂದ ಆ ಆಯ್ಕೆ ಹಳಿ ತಪ್ಪಿತ್ತು. ಎಲ್ಲಕ್ಕಿಂತ ಮೇಲಿನ ಸ್ವರಗಳ ಚೂಪು ಸಾಲನ್ನು ಕೊನೆಯ ಏರಿನಲ್ಲಿ ಮಾತ್ರ ಬಳಸುತ್ತಿದ್ದವನು ಅದನ್ನು ನಡುವಿನ ಮೆಲುಭಾಗಕ್ಕೂ ಕೇಳತೊಡಗಿದ. ಅಯ್ಯೋ, ಆ ದನಿಯೋ, ಹಲ್ಲೆಲ್ಲ ಚುಳುಚುಳು! ಮುಂದೆ ಕೂತವರು ಮುಖ ಕಿವುಚಿದ್ದನ್ನು ಮಗಳು ಕಂಡಳು. ಅಪ್ಪನದು ಮಾತ್ರ, "ಇನ್ನೂ ಮಂಕಾಗಿದೆಯಲ್ಲ." ಆ ಸ್ವರಗಳು ಅವನ ಕಿವಿಗೆ ಬೀಳುತ್ತಿಲ್ಲವೆಂದು ಅವಳಿಗೆ ಅರ್ಥವಾಯಿತು. ಹೇಳಲು ನಾಲಿಗೆ ಏಳಲಿಲ್ಲ. ಅಂದಿನಿಂದ ಮೆಲುಭಾಗದಲ್ಲಿ ಅವನು ಗದ್ದ ಅಲ್ಲಾಡಿಸಿದರೆ ಆ ಹಿಡಿಯ ಮೇಲೆ ಸುಮ್ಮನೆ ಕೈ ಇಡುತ್ತಾಳೆ, ಎಳೆಯುವುದಿಲ್ಲ. ಅವನ ಕಣ್ಣು ಪುಸ್ತಕದ ಮೇಲೆ. ಸುಳ್ಳು ಹೇಳಲು ಬಾಯೇ ಬೇಕೆಂದಿಲ್ಲ, ನೋಡಿ.

ನಿನ್ನೆ ಸಂಗೀತ ಕಚೇರಿ ಮುಗಿದ ಮೇಲೆ ಅಪ್ಪನ ಹಳೇ ಗೆಳೆಯ ಪಿಯಾನೊ ಮೇಷ್ಟ್ರು ಆರ್ಗನ್ ಇರುವ ಮಹಡಿಗೆ ಮೆಟ್ಟಿಲು ಹತ್ತಿ ಬಂದರು. ಯಾರನ್ನಾದರೂ ಹೊಗಳಬೇಕೆಂದರೆ ಅವರಿಗೆ ಜೀವ ಹೋದಷ್ಟು ಕಷ್ಟ.

"ಚೂಪು ಸಾಲನ್ನ ಕೊನೇವರೆಗೂ ಮುಟ್ಲೇ ಇಲ್ವಲ್ಲಯ್ಯ," ಎಂದರು. "ಆ ಸಂಯಮ ನೋಡಿ ನಂಗೆ ಕಣ್ಣು ತುಂಬಿ ಬಂತು. ಈ ವಯಸ್ಸಲ್ಲಿ ಎಲ್ಲಿ ಕಲಿತೆ ಇದನ್ನ?"

ಆ ಸಾಲಿಗಾಗಿ ಅಪ್ಪ ಎಷ್ಟು ಸಲ ಗದ್ದ ಅಲ್ಲಾಡಿಸಿದ್ದನೋ! ಅವನು ನಕ್ಕು ಬೆನ್ನು ತಟ್ಟಿಸಿಕೊಂಡ. ಮನೆಗೆ ಬಂದವನು ತಟ್ಟೆ ಮುಟ್ಟಲಿಲ್ಲ.

ಇವತ್ತು ಬೆಳಿಗ್ಗೆ ಅವಳನ್ನು ಖಾಲಿ ಸಭಾಂಗಣಕ್ಕೆ ಕರೆತಂದ. ಮೆಲುಭಾಗವನ್ನು ನುಡಿಸುತ್ತ ಬಂದು, ಒಂದು ಕಡೆ ಬೆರಳುಗಳನ್ನು ಒತ್ತಿ ಹಿಡಿದುಕೊಂಡೇ ಕೂತ.

"ಚೂಪು ಸಾಲು ಎಳಿ."

ಹಿಡಿಯ ಒಳಗಿನ ಸರಳು ತುಂಡಾಗಿದೆ ಎಂದು ಮಗಳು ಹೇಳಿಬಿಡಬಹುದಿತ್ತು. ಆ ಸುಳ್ಳನ್ನು ಹೊಸೆದುಕೊಂಡೇ ಬಂದಿದ್ದಳು. ಹೇಳಿದರೆ ಅಪ್ಪ ನಂಬುತ್ತಾನೆ, ರಿಪೇರಿಯವನು ಬರುವವರೆಗಾದರೂ ಅವನ ಮಾನ ಉಳಿಯುತ್ತದೆ. ಆದರೆ ಈ ಸಲ ಅವನ ಕಣ್ಣು ಪುಸ್ತಕದ ಮೇಲಿರಲಿಲ್ಲ. ಅವಳನ್ನೇ ನೋಡುತ್ತಿದ್ದ, ಹೆದರಿಕೊಂಡು. ಆ ಮುಖಕ್ಕೆ ಇನ್ನೊಂದು ಸುಳ್ಳು ಹೇಳಲು ಅವಳಿಂದಾಗಲಿಲ್ಲ.

ಎಳೆದಳು. ಸಭಾಂಗಣದ ಮೂಲೆಮೂಲೆಯೂ ಕಿರುಚಿತು. ಕೆಳಗೆ ನೆಲ ಒರೆಸುತ್ತಿದ್ದಾಕೆ ಕೋಲು ಬಿಟ್ಟು ಎರಡೂ ಕಿವಿ ಮುಚ್ಚಿಕೊಂಡಳು.

ಅಪ್ಪ ಇನ್ನೂ ಕಾಯುತ್ತಿದ್ದ.

"ಎಳಿ ಮಗಳೇ."

"ಎಳೆದಿದ್ದೀನಪ್ಪ."

ಅವನು ಹಿಡಿಯನ್ನು ನೋಡಿದ. ಕೆಳಗೆ ಕಿವಿ ಮುಚ್ಚಿ ನಿಂತವಳನ್ನು ನೋಡಿದ. ಆಮೇಲೆ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡ.

"ಹಾಗಾದ್ರೆ ನಿನ್ನೆ ಮೇಷ್ಟ್ರು ಹೊಗಳಿದ್ದು ನಿನ್ನನ್ನ," ಎಂದ.