ಕಾಜಕ್ಕನ ನೀಲಿ ಕೋಟು

ಕಾಜಕ್ಕ ಪ್ರತಿದಿನ ಬೆಳಿಗ್ಗೆ ಮೊದಲ ಮೆಟ್ಟಿಲಿನ ಮುಂದೆ ನಿಂತು, "ಇವತ್ತು ನನ್ನ ಕೈಲಾಗಲ್ಲಪ್ಪ" ಎಂದು ಹೇಳಿಯೇ ಹತ್ತಲು ಶುರುಮಾಡುತ್ತಿದ್ದಳು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು, ಮುಖ ನೋಡಿದವರಿಗೆ ಆ ಮಾತು ಅಕ್ಷರಶಃ ನಿಜವೆಂದೇ ತೋರುತ್ತಿತ್ತು. ಹೇಳಿ ಮುಗಿಸಿ, ಎಡಗೈಯನ್ನು ಎಡ ಮಂಡಿಯ ಮೇಲೂರಿ, ಬೇರೆ ಯಾರದೋ ಕಾಲನ್ನು ಎತ್ತಿಡುವವಳಂತೆ ಮೊದಲ ಹೆಜ್ಜೆಯನ್ನು ಎತ್ತಿಡುತ್ತಿದ್ದಳು.

ಆ ಕಟ್ಟಡಕ್ಕೆ ಐದು ಮಹಡಿ. ಐದನೆಯದರಲ್ಲಿ ಆಸ್ಪತ್ರೆಗಳಿಗೆ ಸಮವಸ್ತ್ರ ಹೊಲಿಯುವ ಕಾರ್ಖಾನೆ. ಅಲ್ಲಿ ಇಪ್ಪತ್ತು ವರ್ಷ ಗುಂಡಿ ತೂರುವ ಕಾಜಗಳನ್ನು ಹೊಲಿದು ಗುಂಡಿ ಹಾಕಿದ್ದರಿಂದ ಆಕೆಯ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಆಕೆಯ ಮೈದುನನ ಹೆಂಡತಿ, ಅಂದರೆ ಓರಗಿತ್ತಿ, ಅದೇ ಕಾರ್ಖಾನೆಯಲ್ಲಿ ಮೂರನೆಯ ಮಿಷನ್ನಿನ ಮುಂದೆ ಕೂರುತ್ತಿದ್ದಳು. ಇಬ್ಬರೂ ಒಂದೇ ಮನೆಯಿಂದ ಹೊರಟು, ಕಟ್ಟಡದ ಬಾಗಿಲವರೆಗೆ ಜೊತೆಯಾಗಿ ಬಂದು, ಅಲ್ಲಿ ಬೇರೆಯಾಗುತ್ತಿದ್ದರು. ಓರಗಿತ್ತಿ ಲಿಫ್ಟಿನ ಸಾಲಿಗೆ, ಕಾಜಕ್ಕ ಮೆಟ್ಟಿಲಿಗೆ. ಜಾಲರಿ ಬಾಗಿಲಿನ ಹಳೆಯ ಲಿಫ್ಟು ಅದು, ಮೆಟ್ಟಿಲುಗಳು ಅದನ್ನೇ ಸುತ್ತಿಕೊಂಡು ಮೇಲೇರುತ್ತಿದ್ದವು. ಹಾಗಾಗಿ ಓರಗಿತ್ತಿ ಲಿಫ್ಟು ಹತ್ತಿ ಮೇಲೆ ಹೋಗುವಾಗ ಜಾಲರಿಯ ಆಚೆ ಮೊದಲು ಊದಿದ ಪಾದಗಳು, ಆಮೇಲೆ ಮಂಡಿ ಹಿಡಿದ ಕೈ, ಕೊನೆಗೆ ಬೆವರಿದ ಮುಖ ಕಾಣಿಸಿ ಕೆಳಗೆ ಸರಿದುಹೋಗುತ್ತಿದ್ದವು. ಮೊದಮೊದಲು ಆ ಮುಖ ಒಂದನೆಯ ಮಹಡಿಯಲ್ಲಿ ಕಾಣುತ್ತಿತ್ತು. ಅಲ್ಲಿಯತನಕ ಓರಗಿತ್ತಿಗೆ ಯಾವ ಸಂಕಟವೂ ಇರಲಿಲ್ಲ.

ಕಾಜಕ್ಕ ಮೆಟ್ಟಿಲಿಗೆ ಬಂದದ್ದು ಒಂದು ಕುರ್ಚಿಯ ದೆಸೆಯಿಂದ. ಒಮ್ಮೆ ಲಿಫ್ಟು ಕೆಟ್ಟು ಸಂಜೆಯಾದರೂ ರಿಪೇರಿಯಾಗದೆ, ಎಲ್ಲರೂ ಮೆಟ್ಟಿಲಿಳಿಯಲು ಹೊರಟಾಗ, ಮಂಡಿ ಮಡಿಸಲಾಗದೆ ಆಕೆಯೊಬ್ಬಳೇ ಮೇಲೆ ಉಳಿದಳು. ಕಟಿಂಗ್ ಮಾಸ್ಟರು ತಮ್ಮ ಕುರ್ಚಿಯ ಮೇಲೆ ಆಕೆಯನ್ನು ಕೂರಿಸಿ, ನಾಲ್ವರು ಹಮಾಲರನ್ನು ಕರೆಸಿ, "ಹುಷಾರು ಕಣ್ರಪ್ಪ, ಕೆಳಗೆ ಬಿಟ್ರೆ ಕಟ್ಟಡಕ್ಕೇ ಹೊಸ ಪಾಯ ತೋಡ್ಬೇಕಾಗುತ್ತೆ" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕಾಜಕ್ಕನೇ. ಆಕೆಯ ಕೈಚೀಲ ಹಿಡಿದು ಹಿಂದೆ ಇಳಿಯುತ್ತಿದ್ದ ಓರಗಿತ್ತಿಯೂ ನಕ್ಕಳು. ಮನೆಗೆ ಬಂದವಳೇ ಕಾಜಕ್ಕ ಬಚ್ಚಲಿಗೆ ಹೋಗಿ, ಬಹಳ ಹೊತ್ತು ನಲ್ಲಿ ತಿರುಗಿಸಿಟ್ಟು ಕೂತಿದ್ದಳು. ಇನ್ನೊಬ್ಬರ ಕೈಲಿ ಹೊತ್ತಿಳಿಸಿಕೊಳ್ಳುವ ಹಾಗಾಗಬಾರದು, ಐದು ಮಹಡಿಯನ್ನು ಎಲ್ಲೂ ಕೂರದೆ ಹತ್ತಬೇಕು ಎಂಬುದೊಂದೇ ಆಮೇಲೆ ಆಕೆ ಬೇಡಿದ್ದು.

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಚೂರೊಂದು ಆಕೆಯ ಜೇಬಿನಲ್ಲಿ ಸದಾ ಇರುತ್ತಿತ್ತು. ಉಸಿರುಗಟ್ಟಿ ಕೂತ ಮೆಟ್ಟಿಲಿನ ಪಕ್ಕದ ಗೋಡೆಗೆ ಅದರಿಂದ ಒಂದು ಗೀಟು ಎಳೆಯುವಳು. ಗುಡಿಸುವಾಕೆ ಗೊಣಗುತ್ತ ಒರೆಸುವಳು, ಮಾರನೆಯ ದಿನ ಗೀಟು ಮತ್ತೆ ಇರುತ್ತಿತ್ತು. ನೆಗಡಿ ಬಂದ ವಾರ ಗೀಟು ಒಂದು ಮಹಡಿ ಕೆಳಗಿಳಿಯಿತು. ಅದನ್ನೂ ಅಷ್ಟೇ ಅಚ್ಚುಕಟ್ಟಾಗಿ ಎಳೆದಳು.

ಓರಗಿತ್ತಿಗೆ ಹೊಟ್ಟೆಕಿಚ್ಚು ಹತ್ತಿದ್ದು ಆ ಅಚ್ಚುಕಟ್ಟುತನ ಕಂಡು. ಇವಳು ಆ ಮನೆಗೆ ಸೊಸೆಯಾಗಿ ಬಂದಾಗ ಅಡುಗೆಯಲ್ಲಿ, ಕೈಕೆಲಸದಲ್ಲಿ, ಮಾತಿನ ತೂಕದಲ್ಲಿ ಎಲ್ಲದರಲ್ಲೂ ಹಿರಿ ಸೊಸೆ ಕಾಜಕ್ಕನೇ ಮುಂದಿದ್ದಳು. ಅತ್ತೆ ಇವಳಿಗೆಂದು ಉಳಿಸಿದ್ದ ಹೊಗಳಿಕೆ ಒಂದೇ, ಕಿರಿ ಸೊಸೆ ಬಳ್ಳಿಯಂತಿದ್ದಾಳೆ ಎಂಬುದು. ಎರಡು ಹೆರಿಗೆಯ ನಂತರ ಬಳ್ಳಿ ದಪ್ಪವಾಯಿತು. ಒಂದೇ ತಿಂಗಳಲ್ಲಿ ಸಣ್ಣಗಾಗುತ್ತೇನೆ ನೋಡಿ ಎಂದು ಇವಳು ಮೂರು ಸಲ ಪಂಥ ಕಟ್ಟಿದ್ದಳು. ಮೊದಲ ಪಂಥದ ಜಿಗಿಯುವ ಹಗ್ಗ ಕದದ ಹಿಂದೆ ಮೊಳೆಗೆ ನೇತಾಡುತ್ತಿತ್ತು, ಎರಡನೆಯದರ ಬೂಟಿನ ಅಡಿ ಇನ್ನೂ ಹೊಸದಾಗಿತ್ತು, ಮೂರನೆಯದರ ಊಟದ ಪಟ್ಟಿ ನಾಲ್ಕನೆಯ ದಿನಕ್ಕೆ ನಿಂತಿತ್ತು. ಆದೀತೆಂಬ ಧೈರ್ಯವೆಲ್ಲ ಇವಳಲ್ಲಿತ್ತು, ಆಗದೆಂದು ದಿನವೂ ಹೇಳುವವಳು ಮೇಲೇರುತ್ತಿದ್ದಳು.

ಬೆವರಿದ ಆ ಮುಖ ಜಾಲರಿಯ ಆಚೆ ಮೂರನೆಯ ಮಹಡಿಯಲ್ಲಿ ಕಾಣಿಸಿದ ದಿನ ಓರಗಿತ್ತಿ ಒಂದು ಕೆಲಸಕ್ಕೆ ಕೈಹಾಕಿದಳು.

ಕಾರ್ಖಾನೆಯಲ್ಲಿ ಎಲ್ಲರಿಗೂ ನೀಲಿ ಕೋಟು. ನೂಲಿನ ಧೂಳು ಅನ್ನಕ್ಕೆ ಬೀಳದಿರಲೆಂದು ಮಧ್ಯಾಹ್ನ ಕೋಟುಗಳನ್ನು ಮೊಳೆಗೆ ತಗುಲಿಸಿ ಎಲ್ಲರೂ ತಾರಸಿಗೆ ಊಟಕ್ಕೆ ಹೋಗುತ್ತಿದ್ದರು. ಹತ್ತಿದ್ದರಿಂದ ಮೈ ಇಳಿದಿದೆಯೇ ಎಂದು ಅಳೆಯಲು ಕಾಜಕ್ಕನಿಗೆ ಆ ಕೋಟೊಂದೇ ಗತಿ. ಮನೆಯ ಕನ್ನಡಿಯಲ್ಲಿ ಮುಖ ಕಂಡರೆ ಹೆಚ್ಚು, ಮನೆಯ ಬಟ್ಟೆಗಳೆಲ್ಲ ಲಾಡಿ ಕಟ್ಟುವಂಥವು, ಸಣ್ಣಗಾಗಿದ್ದೀಯ ಎಂದು ಯಾರಾದರೂ ಹೇಳಿದರೆ ತನ್ನ ಮನಸ್ಸು ನೋಯದಿರಲೆಂದು ಹೇಳುತ್ತಾರೆಂದೇ ಆಕೆಯ ಎಣಿಕೆ. ಓರಗಿತ್ತಿ ತಾರಸಿಗೆ ತಡವಾಗಿ ಹೋದಳು. ಅದಕ್ಕೆ ಮೊದಲು ಕಾಜಕ್ಕನ ಕೋಟನ್ನು ಒಳಮಗ್ಗುಲು ಮಾಡಿ, ಎರಡೂ ಪಕ್ಕದ ಹೊಲಿಗೆಯ ಒಳಗೆ ಕಾಲಿಂಚು ಬಿಟ್ಟು ಇನ್ನೊಂದು ಸಾಲು ಹೊಲಿದು, ತಿರುಗಿ ಮೊಳೆಗೆ ಸಿಕ್ಕಿಸಿದಳು. ಎರಡು ನಿಮಿಷದ ಕೆಲಸ.

ಊಟ ಮುಗಿಸಿ ಬಂದ ಕಾಜಕ್ಕ ಗುಂಡಿ ಹಾಕಿಕೊಳ್ಳಲು ಹೋಗಿ ತಡೆದಳು. ಉಸಿರು ಬಿಗಿಹಿಡಿದು ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಮೆಟ್ಟಿಲ ಬಳಿ ನಿಲ್ಲದೆ ಓರಗಿತ್ತಿಯ ಹಿಂದೆಯೇ ಲಿಫ್ಟಿನ ಸಾಲಿಗೆ ಬಂದು ನಿಂತಳು.

"ಇಷ್ಟು ತಿಂಗಳು ಒದ್ದಾಡಿದ್ದೇ ಬಂತು. ಸಾಕು ಕಣೆ, ಬಿಟ್ಬಿಡ್ತೀನಿ" ಎಂದಳು.

"ಹೋಗ್ಲಿ ಬಿಡಿ ಅಕ್ಕ, ಮಂಡಿಯಾದ್ರೂ ಉಳಿಯುತ್ತೆ" ಎಂದು ಓರಗಿತ್ತಿ ಆಕೆಯ ಬೆನ್ನು ಸವರಿದಳು. ಸವರಿದ ಕೈಗೆ ಆ ಬೆನ್ನು ಮೊದಲಿನಷ್ಟು ಅಗಲವಿಲ್ಲವೆಂದು ತಿಳಿಯಿತು. ಆ ಮಧ್ಯಾಹ್ನವೇ ಕೋಟಿಗೆ ಎರಡನೆಯ ಸಾಲು ಹಾಕಿದಳು.

ಮರುದಿನ ಮತ್ತೆ ಆ ದನಿ ಮೆಟ್ಟಿಲ ಬುಡದಲ್ಲಿ ಕೇಳಿಸಿತು. "ಇವತ್ತು ನನ್ನ ಕೈಲಾಗಲ್ಲಪ್ಪ." ಲಿಫ್ಟಿನ ಸಾಲಿನಲ್ಲಿದ್ದ ಓರಗಿತ್ತಿ ತಿರುಗಿ ನೋಡಿದಾಗ ಕಾಜಕ್ಕ ಮೂರು ಮೆಟ್ಟಿಲು ಮೇಲಿದ್ದಳು. ಬಿಟ್ಟವಳು ಮತ್ತೆ ಯಾಕೆ ಹತ್ತಿದಳೆಂಬುದು ಇವಳಿಗೆ ಬಗೆಹರಿಯಲಿಲ್ಲ. ಅನಂತರದ ತಿಂಗಳುಗಳಲ್ಲಿ ಇವಳ ಸಾಲುಗಳೂ ಆಕೆಯ ಗೀಟುಗಳೂ ಒಂದನ್ನೊಂದು ಅಟ್ಟಿಸಿಕೊಂಡು ಹೋದವು. ಪ್ರತಿ ಸಲ ಕಾಜಕ್ಕ ಗುಂಡಿ ಹಾಕಿಕೊಂಡು, ಕೋಟಿನ ಅಂಚನ್ನು ಜಗ್ಗಿ ನೋಡಿ, "ಬಿಗಿ ಇದೆ" ಎಂದಷ್ಟೇ ಅನ್ನುತ್ತಿದ್ದಳು. ಅದು ಹತಾಶೆಯೆಂದು ಓರಗಿತ್ತಿ ತಿಳಿದಿದ್ದಳು.

ಕೊನೆಗೊಂದು ಬೆಳಿಗ್ಗೆ ಲಿಫ್ಟು ಐದನೆಯ ಮಹಡಿಗೆ ಬಂದು ನಿಂತಾಗ ಜಾಲರಿಯ ಆಚೆ ಕಾಜಕ್ಕ ಮೊದಲೇ ಬಂದು ನಿಂತಿದ್ದಳು. ಎಲ್ಲೂ ಕೂತಿರಲಿಲ್ಲ. ಮಾಸ್ಟರು ತಮ್ಮ ಕುರ್ಚಿ ತಂದು ಕೂರಲು ಹೇಳಿದರು. ಆಕೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು. ಎಲ್ಲರೂ ಆಕೆಯನ್ನು ಸುತ್ತಿಕೊಂಡಾಗ ಓರಗಿತ್ತಿ ತನ್ನ ಮಿಷನ್ನಿಗೆ ಎಣ್ಣೆ ಬಿಡುತ್ತ ಕೂತಳು.

ಆ ಮಧ್ಯಾಹ್ನ ಎಲ್ಲರೂ ತಾರಸಿಗೆ ಹೋದ ಮೇಲೆ ಇವಳು ಮೊಳೆಯ ಕಡೆ ನೋಡಿದರೆ ಕೋಟು ಅಲ್ಲಿರಲಿಲ್ಲ. ಊಟಕ್ಕೆ ಹೋಗದೆ ಉಳಿದಿದ್ದ ಕಾಜಕ್ಕ ಅದನ್ನು ಒಳಮಗ್ಗುಲು ಮಾಡಿ ಇವಳ ಮಿಷನ್ನಿನ ಮೇಲೆ ಹರವಿದಳು. ಪಕ್ಕದ ಹೊಲಿಗೆಯಲ್ಲಿ ಗೆರೆ ಹಾಕಿದ ಪುಸ್ತಕದಂತೆ ಏಳು ಸಾಲು.

ಓರಗಿತ್ತಿಗೆ ಎದ್ದು ಹೋಗಲೂ ಆಗಲಿಲ್ಲ. "ಯಾವಾಗಿಂದ ಗೊತ್ತು?" ಎಂದಳು.

"ಎರಡನೇ ಸಾಲಿಂದ. ಹೊಲಿಗೆ ಕೊನೇಲಿ ಮೂರು ಸಲ ಹಿಂದೆ ಮುಂದೆ ಮಿಷನ್ ಓಡಿಸೋಳು ಇಲ್ಲಿ ನೀನೊಬ್ಬಳೇ."

"ಮತ್ತೆ ಯಾಕೆ ಸುಮ್ನಿದ್ರಿ?"

"ಸಣ್ಣ ಆಗಿದ್ದೀಯ ಅಂತ ಎಲ್ರೂ ಅಂದ್ರು, ಬಾಯಿಮಾತು ಅಂದ್ಕೊಂಡೆ. ನೀನು ಊಟ ಬಿಟ್ಟು ಕೂತು ಹೊಲಿದಿದ್ದೀಯಲ್ಲ, ಅದನ್ನ ನಂಬಿದೆ. ಮೈ ಇಳಿದು ಹಿಡಿಯೋಕೆ ಬಟ್ಟೆ ಮಿಗದೆ ಯಾರು ಹಿಡಿದು ಹೊಲೀತಾರೆ?" ಎಂದು ಕಾಜಕ್ಕ ಸಾಲುಗಳ ಮೇಲೆ ಹೆಬ್ಬೆರಳು ಓಡಿಸಿದಳು. "ಮತ್ತೆ ಸಡಿಲ ಆಗಿದೆ. ಇನ್ನೊಂದು ಹಾಕು."

ಚುಚ್ಚುಮಾತೋ ಎಂದು ಓರಗಿತ್ತಿ ತಲೆಯೆತ್ತಿದರೆ, ಗುಂಡಿ ಗಟ್ಟಿಯಿದೆಯೇ ಎಂದು ಎಳೆದು ನೋಡುವಾಗಿನ ಮುಖವೇ ಅಲ್ಲಿತ್ತು. ಬೈದಿದ್ದರೆ ಇವಳಿಗೆ ಜಗಳಕ್ಕಾದರೂ ದಾರಿ ಇರುತ್ತಿತ್ತು. ಇವಳು ಎಂಟನೆಯ ಸಾಲು ಹೊಲಿದಳು, ನೆಟ್ಟಗೆ ಹೊಲಿದಳು, ಅಭ್ಯಾಸಬಲದಿಂದ ಕೊನೆಯಲ್ಲಿ ಮೂರು ಸಲ ಹಿಂದೆ ಮುಂದೆ ಓಡಿಸಿದಳು. ಹೊಟ್ಟೆಯ ಕಿಚ್ಚು ಆರಲಿಲ್ಲ. ತನ್ನ ಕೈಯಾರೆ ಆಕೆಯನ್ನು ಐದು ಮಹಡಿ ಹತ್ತಿಸಿದೆನಲ್ಲ ಎಂದು ಅದು ಇನ್ನಷ್ಟು ಉರಿಯಿತು.

ಮರುದಿನ ಬೆಳಿಗ್ಗೆ ಕಾಜಕ್ಕ ಎಂದಿನಂತೆ ಮೊದಲ ಮೆಟ್ಟಿಲಿನ ಮುಂದೆ ನಿಂತು ಇವತ್ತು ತನ್ನ ಕೈಲಾಗುವುದಿಲ್ಲವೆಂದಳು. ನಿನ್ನೆ ಆದದ್ದು ಆಕೆಗೆ ಇವತ್ತಿನ ಸಾಕ್ಷಿಯಾಗಿರಲಿಲ್ಲ. ಇಂಥವರು ಅನುಮಾನ ತೀರಲೆಂದು ಕಾದು ಕೂರುವುದಿಲ್ಲ, ಅದನ್ನು ಕೈಚೀಲದಂತೆ ತೋಳಿಗೆ ಹಾಕಿಕೊಂಡೇ ಹೊರಡುತ್ತಾರೆ. ಧೈರ್ಯವಂತರನ್ನು ಕಂಡು ಕರುಬುವುದು ಸುಲಭ, ಅವರು ಒಂದಲ್ಲ ಒಂದು ದಿನ ಮುಗ್ಗರಿಸುತ್ತಾರೆಂದು ಕಾಯಬಹುದು. ಇವರು ದಿನವೂ ಮುಗ್ಗರಿಸಿಯೇ ಹೊರಟವರು, ಹಿಂದಿನಿಂದ ಕರುಬುವವರಿಗೆ ಕಾಯಲು ಏನನ್ನೂ ಉಳಿಸುವುದಿಲ್ಲ.