ವಿಮಾನಕ್ಕೆ ತುಂಡು ಟಿಕೆಟ್

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನೂರು ಜನರ ಮುಂದೆ ನನ್ನನ್ನ ಕೌಂಟರಿಂದ ವಾಪಸ್ ಕಳಿಸಿದ್ರು ಕಣೋ ಅಣ್ಣಾ!"

ಟೈಲರಕ್ಕ ಪೆಟ್ಟಿಗೆಯನ್ನು ನೂಕಿದ ರಭಸಕ್ಕೆ ಅದು ಹೊಲಿಗೆ ಮೆಷಿನ್ನಿಗೆ ಹೋಗಿ ಬಡಿಯಿತು. ಬೆಳಿಗ್ಗೆ ವಿಮಾನ ಹತ್ತಲು ಹೋದವಳು ಮಧ್ಯಾಹ್ನಕ್ಕೆ ಮನೆಯಲ್ಲಿದ್ದಳು. ಪರದೇಶದಲ್ಲಿರುವ ಅವಳ ತಂಗಿಗೆ ನಾಡಿದ್ದು ಹೊಟ್ಟೆಯ ಆಪರೇಷನ್. ತಂಗಿಯ ಗಂಡ ಹಡಗಿನ ಕೆಲಸದವನು, ಈಗ ನಡುಸಮುದ್ರದಲ್ಲಿದ್ದಾನೆ. ಎರಡು ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಇವಳು ಹೋಗದಿದ್ದರೆ ತಂಗಿ ಆಸ್ಪತ್ರೆ ಸೇರುವ ಹಾಗಿಲ್ಲ.

"ಎಷ್ಟು ಹೊತ್ತಿಗೆ ಬರ್ತೀ ಅಂತ ಅವಳು ಮೂರು ಸಲ ಫೋನ್ ಮಾಡಿದ್ದಾಳೆ. ಏನು ಹೇಳ್ಲಿ? ನೀನೇ ಹೇಳು!"

ಟಿಕೆಟ್ ಮಾಡಿಸಿದ್ದು ಅಣ್ಣ. ಇಪ್ಪತ್ತೆರಡು ವರ್ಷದಿಂದ ಬಸ್ ಕಂಡಕ್ಟರ್. ಕೆಲವು ದಾರಿಯಲ್ಲಿ ನೇರ ಟಿಕೆಟ್‌ಗಿಂತ ನಡುವಿನ ಸ್ಟೇಜಿಗೆ ತುಂಡು ಮಾಡಿ ಎರಡು ಹರಿದರೆ ಅಗ್ಗ ಬೀಳುತ್ತದೆ ಎಂಬ ಗುಟ್ಟು ಅವನಿಗೆ ಗೊತ್ತು. ವಿಮಾನಕ್ಕೂ ಅದನ್ನೇ ಮಾಡಿದ. ನಡುವಿನ ದೇಶದವರೆಗೆ ಒಂದು ಕಂಪನಿಯ ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಕಂಪನಿಯದು.

"ನಾನೇನು ತಪ್ಪು ಮಾಡ್ದೆ? ನಡುವೆ ಐದು ಗಂಟೆ ಕಾಯಬೇಕು ಅಷ್ಟೇ. ಇಪ್ಪತ್ನಾಲ್ಕು ಗಂಟೆವರೆಗೆ ವೀಸಾ ಬೇಡ ಅಂತ ಫೋನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಆ ಕೌಂಟರಿನವನಿಗೇ ತಲೆ ಇಲ್ಲ!"

"ದಪ್ಪಕ್ಷರದ ಕೆಳಗೆ ಸಣ್ಣಕ್ಷರ ಇರ್ತದಲ್ಲ ಕಂಡಕ್ಟ್ರೇ, ಅದನ್ನ ಓದಿದ್ರಾ?"

ಗಲಾಟೆ ಕೇಳಿ ಬಂದವಳು ಎದುರುಮನೆಯ ಲಗೇಜಕ್ಕ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಕಟ್ಟುವ ಕೆಲಸ ಅವಳದು.

"ಬಾರಮ್ಮ, ನೀನೊಬ್ಬಳು ಬಾಕಿ ಇದ್ದೆ," ಎಂದು ಗುರುಗುಟ್ಟಿದ ಕಂಡಕ್ಟರ್.

"ಬೈಯಿರಿ, ಆದ್ರೆ ಕೇಳಿ. ಎರಡು ಬೇರೆ ಟಿಕೆಟ್ ಅಂದ್ರೆ ಪೆಟ್ಟಿಗೆ ಚೀಟಿ ನಡುವಿನ ಊರಿಗೇ ಮುಗೀತು. ಆಮೇಲೆ ಪೆಟ್ಟಿಗೆ ತಾನೇ ನಡ್ಕೊಂಡು ಹೋಗಿ ಎರಡನೇ ವಿಮಾನ ಹತ್ತುತ್ತಾ? ಇವಳೇ ಹೊರಗೆ ಹೋಗಿ ತಗೊಂಡು ಮತ್ತೆ ಕೊಡಬೇಕು. ಹೊರಗೆ ಹೋದ್ರೆ ಆ ದೇಶದೊಳಗೆ ಕಾಲಿಟ್ಟ ಹಾಗೆ. ಅದಕ್ಕೆ ವೀಸಾ ಬೇಕು."

"ಮತ್ತೆ ಆ ಇಪ್ಪತ್ನಾಲ್ಕು ಗಂಟೆ? ಅದೇನು ಸುಳ್ಳಾ?"

"ಸುಳ್ಳಲ್ಲ. ಆ ದೇಶದವರು ಪಟ್ಟಿ ಮಾಡಿರೋ ಪಾಸ್‌ಪೋರ್ಟಿನವರಿಗೆ ಅದು. ನಮ್ಮದು ಆ ಪಟ್ಟಿಲಿಲ್ಲ. ನಮ್ಮಂಥವರು ವೀಸಾ ಇಲ್ದೆ ಅಲ್ಲಿ ವಿಮಾನ ಬದಲಾಯಿಸಬೇಕಾದ್ರೆ ಕೊನೆಯವರೆಗೆ ಒಂದೇ ಟಿಕೆಟ್ ಇರಬೇಕು, ನಿಲ್ದಾಣದ ಒಳಗೇ ಕೂತಿರಬೇಕು. ಇನ್ನೊಂದು ದೇಶದಲ್ಲಿ ಇನ್ನೊಂದು ಥರ. ಕೆಲವು ಕಡೆ ಒಳಗೆ ಕೂರೋಕೂ ವೀಸಾ ಕೇಳ್ತಾರೆ. ವಿದ್ಯಾರ್ಥಿ ಪಾಸ್ ಹಿಡ್ಕೊಂಡು ಒಬ್ಬ ಅಜ್ಜ ನಿಮ್ಮ ಬಸ್ ಹತ್ತಿದ್ರೆ ಏನು ಮಾಡ್ತೀರಿ?"

"ಇಳಿಸ್ತೀನಿ."

"ಇವಳನ್ನೂ ಹಾಗೇ ಇಳಿಸಿದ್ರು."

ಕಂಡಕ್ಟರ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ಕೊಳ್ಳೋ ಮುಂಚೆ ಕೇಳಬೇಕಿತ್ತು. ನನ್ನದೇ ತಪ್ಪು," ಎಂದ.

"ಆಗ ಬಾಯಲ್ಲಿ ಏನು ತುಂಬ್ಕೊಂಡಿದ್ದೆ?" ಎಂದಳು ಟೈಲರಕ್ಕ. ಅವಳ ಸಿಟ್ಟು ಇಳಿಯಲಿಲ್ಲ. ಯಾಕೆ ಇಳಿಯಬೇಕು?

ಲಗೇಜಕ್ಕ ಆ ದೇಶದ ರಾಯಭಾರ ಕಚೇರಿಯ ಪುಟ ತೆಗೆದು ಸಣ್ಣಕ್ಷರವನ್ನೆಲ್ಲ ಕಂಡಕ್ಟರ್ ಕೈಲಿ ಗಟ್ಟಿಯಾಗಿ ಓದಿಸಿದಳು. ವಿಮಾನ ಕಂಪನಿಗೆ ಫೋನ್ ಮಾಡಿ, ಯಾವ ದೇಶದ ಪಾಸ್‌ಪೋರ್ಟ್, ಎಲ್ಲಿ ಬದಲಾವಣೆ, ಪೆಟ್ಟಿಗೆ ಎಲ್ಲಿಯವರೆಗೆ ಎಂದು ಬಿಡಿಸಿ ಹೇಳಿ, ವೀಸಾ ಬೇಕೋ ಬೇಡವೋ ಎಂದು ಕೇಳಿದಳು. ಬೇಡ ಎಂಬ ಉತ್ತರ ಮೆಸೇಜಿನಲ್ಲಿ ಬಂದ ಮೇಲೆಯೇ ಟಿಕೆಟ್ ಮಾಡಿಸಿದ್ದು. ಅದೇ ಸಂಜೆಯ ವಿಮಾನ, ಕೊನೆಯವರೆಗೆ ಒಂದೇ ಟಿಕೆಟ್.

"ನಾನು ಬಿಟ್ಟು ಬರ್ತೀನಿ," ಎಂದು ಅಣ್ಣ ಪೆಟ್ಟಿಗೆಗೆ ಕೈ ಹಾಕಿದ. ಅವಳು ಕಿತ್ತುಕೊಂಡಳು.

"ಬೇಡ. ನೀನು ನನ್ನನ್ನ ತುಂಡು ತುಂಡಾಗಿ ಬಿಟ್ಟು ಬರ್ತೀಯ."

ಬಿರಬಿರನೆ ಹೊರಟಳು. ತಿರುಗಿಯೂ ನೋಡಲಿಲ್ಲ.

ನೀವು ವಿದೇಶಕ್ಕೆ ಹೊರಟಿದ್ದೀರಾ? ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಾಯಿಸಬೇಕಾ? ಹಾಗಾದರೆ ದಪ್ಪಕ್ಷರ ನಂಬಿ ಕೆಡಬೇಡಿ. ನಿಮ್ಮ ಪಾಸ್‌ಪೋರ್ಟಿಗೆ ಆ ದೇಶದ ನಿಯಮ ಏನು ಎಂದು ಅವರ ರಾಯಭಾರ ಕಚೇರಿಯಲ್ಲೂ ವಿಮಾನ ಕಂಪನಿಯಲ್ಲೂ ಟಿಕೆಟ್ ಕೊಳ್ಳುವ ಮೊದಲೇ ಕೇಳಿ. ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಕೇಳಲು ನಾಚಿಕೆಯೇ? ಕೌಂಟರಿನಿಂದ ಪೆಟ್ಟಿಗೆ ಎಳೆದುಕೊಂಡು ಮನೆಗೆ ಬರುವ ನಾಚಿಕೆ ಇನ್ನೂ ದೊಡ್ಡದು.

ಅಂದು ಕಂಡಕ್ಟರ್ ಕತ್ತಲಾಗುವವರೆಗೆ ಹೊಸ್ತಿಲ ಮೇಲೆ ಕೂತಿದ್ದ. ಬೀದಿಯಲ್ಲಿ ಪೆಟ್ಟಿಗೆಯ ಗಾಲಿ ಸದ್ದಾದೀತೇ ಎಂದು ಕಿವಿಗೊಟ್ಟಿದ್ದ. ಸದ್ದಾಗಲಿಲ್ಲ. ಈ ಸಲ ಟೈಲರಕ್ಕ ವಾಪಸ್ ಬರಲಿಲ್ಲ.