ಕಬ್ಬಿಣದ ಬುರುಡೆಯೊಳಗಿನ ಗಾಳಿ

ಕಬ್ಬು ಹೊರುವ ಟ್ರೈಲರ್‌ಗಳ ಜಾಕಿ ರಿಪೇರಿ ನನ್ನ ಕಸುಬು. ಮಂಡ್ಯದ ಗುತ್ತಲಿನಲ್ಲಿ ಅಂಗಡಿ. ಎಣ್ಣೆಯ ಒತ್ತಡದಲ್ಲಿ ಭಾರ ಎತ್ತುವ ಯಾವ ಯಂತ್ರ ಕೆಟ್ಟರೂ ಸುತ್ತಲ ಜನ ‘ಯತೀಶನ ಹತ್ತಿರ ಹೋಗು’ ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ನನಗೂ ತಲೆಗೆ ಎರಡು ಕೋಡು ಮೂಡಿದ್ದವು, ಸುಳ್ಳೇಕೆ ಹೇಳಲಿ.

ಮಳವಳ್ಳಿ ಕಡೆಯ ಮುದ್ದಯ್ಯನವರು ಒಂದು ಬೆಳಗ್ಗೆ ಕಪ್ಪೆ ಮೂತಿಯ ಹಳೆಯ ಕಾರೊಂದನ್ನು ತಂದು ಅಂಗಡಿ ಮುಂದೆ ನಿಲ್ಲಿಸಿದರು. ಫ್ರಾನ್ಸ್ ದೇಶದ್ದಂತೆ. ಹರೆಯದಲ್ಲಿ ಅವರು ಮೈಸೂರಿನ ಒಬ್ಬ ಶ್ರೀಮಂತರ ಮನೆಯಲ್ಲಿ ಇದೇ ಕಾರಿಗೆ ಡ್ರೈವರ್ ಆಗಿದ್ದರು. ಆ ಮನೆಯ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದುದನ್ನು ಈಗ ಕೇಳಿ ತಂದಿದ್ದರು.

“ಮ್ಯೂಸಿಯಮ್ಮಿಗೆ ಕೊಡದು ಬುಟ್ಟು ನನ್ ತಾವ ಯಾಕ್ ತಂದ್ರಿ ಗೌಡ್ರೆ?” ಅಂದೆ.

“ಬಾಯ್ ಮುಚ್ಕೊಂಡು ನೋಡ್ಲಾ ಯತೀಸ. ಇದೂ ಐಡ್ರಾಲಿಕ್ಕೇ. ಇದಕ್ಕೆ ಸ್ಪ್ರಿಂಗೇ ಇಲ್ಲ, ಎಣ್ಣೆ ಮೇಲೇ ನಿಂತದೆ,” ಎಂದು ಎಂಜಿನ್ ಚಾಲು ಮಾಡಿದರು.

ನೆಲಕ್ಕೆ ಕೂತಿದ್ದ ಕಾರು ಎದ್ದಿತು. ಮೊದಲು ಹಿಂಭಾಗ, ಆಮೇಲೆ ಮುಂಭಾಗ, ಹಸು ಏಳುವ ಹಾಗೆ. ನಾನು ಬೆಚ್ಚಿ ಹಿಂದೆ ಸರಿದೆ. ಜಾಕಿ ಲೋಡು ಎತ್ತುವುದನ್ನು ದಿನವೂ ನೋಡುವವನು ನಾನು, ಆದರೆ ಅದು ಗುರುಗುಟ್ಟಿ, ನಡುಗಿ ಎತ್ತುತ್ತದೆ. ಇದು ಜೀವವಿದ್ದದ್ದರ ಹಾಗೆ ಎದ್ದು ನಿಂತಿತು.

“ಆಗೆಲ್ಲ ಇದ್ರಲ್ಲಿ ಕೂತ್ರೆ ಅಳ್ಳ ಬಂದುದ್ದೇ ಗೊತ್ತಾಗ್ತಿರ್ನಿಲ್ಲ ಕಣಪ್ಪ. ಈಗ ಎತ್ತಿನ ಗಾಡೀನೇ ವಾಸಿ. ಬಂಡೆ ಮ್ಯಾಲೆ ಕೂತಂಗದೆ.” ಅವರ ದನಿ ಇಳಿಯಿತು. “ಇವ್ಳಿಗೋಸ್ಕರ ತಂದೆ.”

‘ಇವಳು’ ಅಂದರೆ ಅವರ ಹೆಂಡತಿ ದೇವೀರಮ್ಮ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದಿತ್ತು. ಆಪರೇಷನ್ ಆಗಿ, ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದರು. ಡಾಕ್ಟರು ಹೊರಗೆ ಹೋಗಬಹುದು ಅಂದಿದ್ದರು, ಆದರೆ ಗಾಡಿಯ ಒಂದೊಂದು ಕುಲುಕೂ ಬೆನ್ನಿಗೆ ಚೂರಿ ಹಾಕಿದ ಹಾಗೆ. ಹಿಂದೊಮ್ಮೆ ಜೀಪಿನಲ್ಲಿ ಹೊರಟು, ರಸ್ತೆಯ ಮೊದಲನೇ ಹಂಪಿನಲ್ಲೇ ಚೀರಿಕೊಂಡು ವಾಪಸ್ಸು ಬಂದಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ, ದುದ್ದದಲ್ಲಿರುವ ಅಕ್ಕ ಮಲ್ಲಿಗಮ್ಮನನ್ನು ನೋಡಬೇಕು. ಅಕ್ಕನಿಗೆ ಕಾಲು ಬಿದ್ದುಹೋಗಿದೆ, ಕಿವಿಯೂ ಕೇಳುವುದಿಲ್ಲ. ಫೋನಿನಲ್ಲಿ ಮುಖ ತೋರಿಸಿದರೆ, ತಂಗಿಯ ಉಳಿದ ಮೈಯೆಲ್ಲ ಎಲ್ಲಿ ಅಂತ ಫೋನು ತಿರುಗಿಸಿ ಹಿಂದೆ ನೋಡುತ್ತಾರಂತೆ.

“ಒಂದೇ ಒಂದ್ ಸಲ ಬತ್ತೀನಿ ಅಂತ ಒಪ್ಪವ್ಳೆ. ಈ ಸಲಾನೂ ನೋವಾದ್ರೆ ಇನ್ ಗಾಡಿ ಅತ್ತಾಕಿಲ್ಲ. ಆಮೇಕೆ ಅವ್ರಕ್ಕ ಇರ್ತಾಳೋ ಇಲ್ವೋ,” ಅಂದರು ಮುದ್ದಯ್ಯ.

ಕೀ ಕೊಡಿ ಅಂತ ಕೈ ಚಾಚಿದೆ.

ನನ್ನ ಕಸುಬಿನ ಮೊದಲ ಪಾಠ ಒಂದೇ, ಎಣ್ಣೆ ಪೈಪಿನೊಳಗೆ ಗಾಳಿ ಸೇರಿದರೆ ಕೆಟ್ಟಿತು ಅಂತಲೇ ಲೆಕ್ಕ. ಆದ್ದರಿಂದ ಹಳೆ ಎಣ್ಣೆ ಚೆಲ್ಲಿ, ಅದಕ್ಕೆ ಬೇಕಾದ ಹಸಿರು ಎಣ್ಣೆಯನ್ನೇ ತರಿಸಿ ತುಂಬಿದೆ. ಪೈಪಿನಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟೆ. ಟೈರಿನ ಗಾಳಿ ಇಳಿಸಿದೆ. ಕಾರು ಚೆನ್ನಾಗಿ ಎದ್ದು ನಿಂತಿತು. ಓಡಿಸಿದರೆ ಅದೇ ಬಂಡೆ. ರಸ್ತೆಯೇ ಸರಿಯಿಲ್ಲ ಅಂದುಬಿಟ್ಟೆ.

“ಕುಣಿಯಾಕ್ ಬರ್ದಿದ್ದೋಳು ನೆಲ ಡೊಂಕು ಅಂದ್ಲಂತೆ,” ಅಂದರು ಮುದ್ದಯ್ಯ. ನನಗೆ ಉರಿದುಹೋಯಿತು.

ಒಂದೊಂದು ಚಕ್ರದ ನೆತ್ತಿಯಲ್ಲೂ ತೆಂಗಿನಕಾಯಿ ಗಾತ್ರದ ಒಂದು ಕಬ್ಬಿಣದ ಬುರುಡೆ ಇತ್ತು. ಒತ್ತಡವನ್ನೆಲ್ಲ ಇಳಿಸಿ ನಾಲ್ಕನ್ನೂ ಬಿಚ್ಚಿದೆ. ತಲೆಯ ಮೇಲೊಂದು ತಿರುಪು. ಹುಷಾರಾಗಿ ಸಡಿಲಿಸಿದೆ. ಬುಸ್ಸೆನ್ನಲಿಲ್ಲ. “ನೋಡಿ ಗೌಡ್ರೆ, ಒಂದು ಚೂರೂ ಗಾಳಿ ಇಲ್ಲ. ಬುರುಡೆಗಳು ಪಸಂದಾಗವೆ!” ಎಂದು ಹೆಮ್ಮೆಯಿಂದಲೇ ಹೇಳಿದೆ.

ಅವತ್ತೇ ಮಧ್ಯಾಹ್ನ ಒಬ್ಬ ರೈತ ಟ್ರೈಲರ್ ತಂದಿದ್ದ. ಇಷ್ಟು ಸಣ್ಣ ಜಾಕಿ ಅಷ್ಟೊಂದು ಕಬ್ಬು ಹೇಗೆ ಎತ್ತುತ್ತದೆ ಅಂತ ಕೇಳಿದ. ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ಎಣ್ಣೇನ ಎಷ್ಟ್ ಇಂಡುದ್ರೂ ಕುಗ್ಗಾಕಿಲ್ಲ ಕಣಣ್ಣ. ಕಬ್ಬಿಣ ಇದ್ದಂಗೆ.”

ಹೇಳಿ ಮುಗಿಸಿದವನು ಸ್ಪ್ಯಾನರ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಕುಗ್ಗದ ಎಣ್ಣೆಯ ಮೇಲೆ ಕೂತವನಿಗೆ ಮೆತ್ತಗೆ ಎಲ್ಲಿಂದ ಬರಬೇಕು? ಬೆಂಚಿನ ಮೇಲಿದ್ದ ಬುರುಡೆ ತೆಗೆದುಕೊಂಡು ಅದರ ಬಾಯಿಗೆ ಟಾರ್ಚು ಬಿಟ್ಟು ನೋಡಿದೆ. ಒಳಗೆ ಒಂದು ರಬ್ಬರ್ ಪರದೆ, ಸೋತು ಗೋಡೆಗೆ ಅಂಟಿಕೊಂಡಿತ್ತು. ಪರದೆಯ ಆಚೆ ಗಾಳಿ ಇರಬೇಕಿತ್ತು. ಚಕ್ರ ಹಳ್ಳಕ್ಕೆ ಬಿದ್ದಾಗ ಎಣ್ಣೆ ಬಂದು ಪರದೆಯನ್ನು ನೂಕಬೇಕು, ಗಾಳಿ ಕುಗ್ಗಿ ಆ ಪೆಟ್ಟನ್ನು ತಾನು ತಿಂದು, ಮೆಲ್ಲಗೆ ಮರಳಿಸಬೇಕು. ವರ್ಷಗಟ್ಟಲೆ ಶೆಡ್ಡಿನಲ್ಲಿದ್ದು ಗಾಳಿ ಸೋರಿಹೋಗಿತ್ತು. ನಾನು ಜೀವಮಾನವಿಡೀ ಶತ್ರು ಅಂತ ಹೊರಗಟ್ಟಿದ್ದೇ ಈ ಕಾರಿನ ಪ್ರಾಣ! ಎಲ್ಲೋ ಕೂತು ಇದನ್ನು ಯೋಚಿಸಿದವನ ತಲೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆದರೆ ಇದು ಟೈರಿಗೆ ತುಂಬುವ ಗಾಳಿಯಲ್ಲ. ಮದ್ದೂರಿನ ಶಶಿಧರ್ ನೆನಪಾದ. ಬಂಡೆ ಒಡೆಯುವ ಬ್ರೇಕರ್ ಯಂತ್ರಗಳಿಗೆ ನೈಟ್ರೋಜನ್ ಗ್ಯಾಸ್ ತುಂಬುವುದು ಅವನ ಕೆಲಸ. ಗೋಣಿಚೀಲದಲ್ಲಿ ಬುರುಡೆಗಳನ್ನು ಕಟ್ಟಿಕೊಂಡು ಹೋದೆ.

“ಏನ್ಲಾ, ಕರ್ಬೂಜದ್ ಅಣ್ಣು ಮಾರಾಕ್ ಬಂದ್ಯಾ?” ಅಂದ. ವಿಷಯ ಕೇಳಿದ ಮೇಲೆ ನಗೆ ನಿಲ್ಲಿಸಿ, ಮೀಟರ್ ನೋಡಿಕೊಂಡು ಒಂದೊಂದಕ್ಕೂ ಗ್ಯಾಸ್ ತುಂಬಿದ. ಮೂರು ತಡೆದವು. ನಾಲ್ಕನೆಯದರ ಪರದೆ ಹರಿದಿತ್ತು. ಅದಕ್ಕೆ ಬದಲಿಯನ್ನು, ಹಿಂದೆ ಫ್ರೆಂಚರಿದ್ದ ಪುದುಚೇರಿಯಿಂದ ಬಸ್ಸಿನಲ್ಲಿ ತರಿಸಿಕೊಳ್ಳಬೇಕಾಯಿತು.

ಎಲ್ಲವನ್ನೂ ಕೂರಿಸಿ, ಎಂಜಿನ್ ಚಾಲು ಮಾಡಿ, ಬಾನೆಟ್ ಮೇಲೆ ಅಂಗೈ ಊರಿ ಒತ್ತಿದೆ. ಕಾರು ತಗ್ಗಿತು. ಕೈ ತೆಗೆದೆ. ಉಸಿರು ತೆಗೆದುಕೊಂಡ ಹಾಗೆ ಮೇಲೆ ಬಂತು. ಮುದ್ದಯ್ಯನವರು ತಾವೂ ಒತ್ತಿದರು. ಮತ್ತೆ ಒತ್ತಿದರು. “ಇದೇ ಕಣ್ಲಾ. ಇದೇ ಅದು,” ಅಂದರು.

ಮಾರನೆಯ ದಿನ ಮಳವಳ್ಳಿಯಿಂದ ಹೊರಟಾಗ ನಾನು ಮುಂದೆ, ಕಾರು ಓಡಿಸುತ್ತಿದ್ದ ಮುದ್ದಯ್ಯನವರ ಪಕ್ಕ ಕೂತಿದ್ದೆ. ದೇವೀರಮ್ಮ ಹಿಂದಿನ ಸೀಟಿನಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಸೀಟು ಹಿಡಿದಿದ್ದರು. ಮೊದಲನೇ ಹಂಪು ಬಂತು. ನಾನು ರಸ್ತೆ ನೋಡಲಿಲ್ಲ, ಅವರ ಮುಖ ನೋಡಿದೆ. ಚಕ್ರ ಏರಿತು, ಇಳಿಯಿತು. ಒಳಗೆ ಏನೂ ಆಗಲಿಲ್ಲ.

“ಅಂಪು ಬಂತಾ?” ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಓಯ್ತು ಕಣೆ.”

ದೇವೀರಮ್ಮ ಕಣ್ಣು ಬಿಟ್ಟು, ಕತ್ತು ತಿರುಗಿಸಿ, ಹಿಂದೆ ಉಳಿದ ಹಂಪನ್ನು ನೋಡಿದರು. ನಂಬಲಿಲ್ಲ. ಎರಡನೆಯದಕ್ಕೆ ಕಣ್ಣು ಮುಚ್ಚಲಿಲ್ಲ. ಮದ್ದೂರು ದಾಟುವಷ್ಟರಲ್ಲಿ ಗಂಡನನ್ನು ಬೈಯುತ್ತಿದ್ದರು: “ಯಾಕಿಂಗೆ ತೆವುಳ್ತೀರಿ? ಜೋರಾಗ್ ಓಗಿ.”

ದುದ್ದದಲ್ಲಿ ಅಕ್ಕನ ಮನೆ ಮುಂದೆಯೇ ಕಾರು ನಿಂತಿತು. ಇಳಿದು ಹತ್ತುವುದು ದೇವೀರಮ್ಮನಿಗೆ ಕಷ್ಟ, ಅದಕ್ಕೆ ಮಲ್ಲಿಗಮ್ಮನನ್ನೇ ಅವರ ಮಕ್ಕಳು ಕುರ್ಚಿ ಸಮೇತ ಹೊತ್ತು ತಂದು, ಕಾರಿನೊಳಗೆ ತಂಗಿಯ ಪಕ್ಕ ಕೂರಿಸಿದರು. ಆಕೆಯ ಭಾರಕ್ಕೆ ಕಾರಿನ ಹಿಂಭಾಗ ತಗ್ಗಿತು. ಸ್ವಲ್ಪ ಹೊತ್ತಿಗೆ, ಯಾರೂ ಮುಟ್ಟದೆ, ಅದು ಇಬ್ಬರನ್ನೂ ಎತ್ತಿಕೊಂಡು ಮೊದಲಿದ್ದ ಎತ್ತರಕ್ಕೆ ಬಂದು ನಿಂತಿತು. ಭಾರ ಎಷ್ಟಿದ್ದರೂ ಎತ್ತರ ಸರಿಮಾಡಿಕೊಳ್ಳುವ ವಾಲ್ವು ಅದಕ್ಕಿದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಬಗ್ಗಿ ಚಕ್ರದ ಕಡೆ ಇನ್ನೊಮ್ಮೆ ನೋಡಿದೆ.

ಅಕ್ಕ ತಂಗಿ ಒಬ್ಬರ ಕೈ ಒಬ್ಬರು ಹಿಡಿದು, ಸುಮ್ಮನೆ ಅಳುತ್ತಾ ಕೂತರು. ಆಮೇಲೆ ಮಲ್ಲಿಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಮೈ ನೆಟ್ಟಗೆ ಮಾಡಿಕೊಂಡು, ಕಿವಿ ಕೇಳದವರ ದೊಡ್ಡ ದನಿಯಲ್ಲಿ ಕೇಳಿದರು: “ಸಿವಪುರಕ್ಕಾ?”

ಮದ್ದೂರಿನ ಶಿವಪುರ ಇಬ್ಬರ ತವರು. ಕಾರು ಹತ್ತಿಸಿದ್ದು ಅಲ್ಲಿಗೇ ಅಂತ ಆ ಜೀವ ತಿಳಿದುಕೊಂಡಿತ್ತು. ಮಕ್ಕಳು ‘ಇಲ್ಲ ಕಣವ್ವ’ ಅಂತ ಕೈಸನ್ನೆ ಮಾಡಲು ಹೊರಟರು. ದೇವೀರಮ್ಮ ಅವರನ್ನು ತಡೆದು, ಕನ್ನಡಿಯಲ್ಲಿ ಗಂಡನ ಮುಖ ನೋಡಿದರು. ಮುದ್ದಯ್ಯ ನನ್ನ ಮುಖ ನೋಡಿದರು.

“ಬುರುಡೆ ತಡೀತವಾ?”

“ಮದ್ದೂರ್ ಏನು, ಎಲ್ಲಿಗ್ ಬೇಕಾದ್ರೂ ತಡೀತವೆ ಗೌಡ್ರೆ,” ಅಂದೆ.

ದೇವೀರಮ್ಮ ಅಕ್ಕನ ಕಿವಿಗೆ ಬಾಯಿಟ್ಟು ಕೂಗಿದರು: “ಊಂ ಕಣಕ್ಕ. ಸಿವಪುರಕ್ಕೇ.”